ಸೋಲು-ಗೆಲುವಿನ ಪಾಲುಪಟ್ಟಿ

ಸೋತಾಗ ‘ಎಲ್ಲ ನನ್ನದೇ ತಪ್ಪು’ ಎಂದು ಕುಸಿದು ಕೂರುವವನೂ ‘ನನ್ನದೇನೂ ತಪ್ಪಿಲ್ಲ’ ಎಂದು ಕೂಗಾಡುವವನೂ ತಪ್ಪಿಸಿಕೊಳ್ಳುವುದು ಒಂದೇ ಕೆಲಸವನ್ನು: ಲೆಕ್ಕ ಹಾಕುವುದನ್ನು. ನನ್ನ ಪಾಲೆಷ್ಟು, ಮೇಲಿನವರದೆಷ್ಟು, ಕಾಲದ್ದೆಷ್ಟು, ಅದೃಷ್ಟದ್ದೆಷ್ಟು? ಅಣ್ಣತಮ್ಮಂದಿರು ಬೇರೆಯಾಗುವಾಗ ಜಮೀನಿಗೆ ಬರೆಯುವಂಥ ಪಾಲುಪಟ್ಟಿಯೊಂದು ಇದಕ್ಕೂ ಬೇಕು. ಅಳತೆ ನೋಡದೆ ಸಹಿ ಹಾಕಬಾರದು.

*

ಗೆದ್ದಾಗ ಈ ಪಟ್ಟಿ ಬರೆಯುವವರು ಇನ್ನೂ ಕಡಿಮೆ. ಇಡೀ ಜಮೀನು ನಮ್ಮೊಬ್ಬರ ಹೆಸರಿಗೇ ಖಾತೆಯಾಗಿಬಿಡುತ್ತದೆ.

*

ರಾಹುಲ್ ದ್ರಾವಿಡ್ ಟೆಸ್ಟ್‌ನಲ್ಲಿ 286, ಏಕದಿನ ಪಂದ್ಯಗಳಲ್ಲಿ 318, ಒಟ್ಟು 604 ಇನಿಂಗ್ಸ್ ಆಡಿದರು. ಐವತ್ತು ಮುಟ್ಟಿದ್ದು 194 ಸಲ. ಉಳಿದ 410 ಸಲ ಐವತ್ತರ ಒಳಗೇ ಮುಗಿಯಿತು. ಅದರಲ್ಲಿ ಔಟಾಗದೆ ಪಂದ್ಯ ಮುಗಿಸಿ ಬಂದ ಸಲಗಳೂ ಇವೆ ಅನ್ನಿ. ಆದರೂ ಮೂರರಲ್ಲಿ ಎರಡು ಸಲ ಚಪ್ಪಾಳೆಗೆ ಕಾರಣವಿಲ್ಲದೆ ಪೆವಿಲಿಯನ್‌ಗೆ ಮರಳಿದ ಮನುಷ್ಯನನ್ನೇ ನಾವು ಗೋಡೆ ಎಂದು ಕರೆದೆವು. ಈ ಲೆಕ್ಕವನ್ನು ಅವರೇ ಹೇಳಿಕೊಂಡಿದ್ದಾರೆ, ಸ್ಫೂರ್ತಿ ಭಾಷಣ ಮಾಡುವವರೂ ಎತ್ತಿಕೊಂಡಿದ್ದಾರೆ. ಭಾಷಣದಲ್ಲಿ ಬಿಟ್ಟುಹೋಗುವ ಮಾತು ಒಂದಿದೆ. ಆ 410 ಸಲವನ್ನು ತಡೆದುಕೊಂಡು ಮತ್ತೆ ಮತ್ತೆ ತಂಡಕ್ಕೆ ಆರಿಸಿದವರು ಇದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಗೆ ಎರಡು ಅಪ್ರೈಸಲ್‌ಗಿಂತ ಹೆಚ್ಚು ಕಾಯದ ಮ್ಯಾನೇಜರು ಇದೇ ದ್ರಾವಿಡ್ ಕಥೆ ಹೇಳಿದರೆ ನಗು ಬರುತ್ತದೆ. ಟೆಸ್ಟ್‌ನ ಆ 13,288 ರನ್‌ಗಳಲ್ಲಿ ಕಾದವರಿಗೂ ಪಾಲಿದೆ.

*

ನಮ್ಮ ಸೋಲಿಗಿಂತ ಬ್ಯಾಚ್‌ಮೇಟ್‌ನ ಗೆಲುವು ಹೆಚ್ಚು ಹೊತ್ತು ಎಚ್ಚರವಾಗಿಡುತ್ತದೆ.

1996ರ ಜೂನ್, ಲಾರ್ಡ್ಸ್. ಮೊದಲ ಟೆಸ್ಟ್‌ನಲ್ಲಿ ದ್ರಾವಿಡ್ 95. ಅದೇ ಇನಿಂಗ್ಸ್‌ನಲ್ಲಿ, ಅವರಂತೆಯೇ ಮೊದಲ ಟೆಸ್ಟ್ ಆಡುತ್ತಿದ್ದ ಸೌರವ್ ಗಂಗೂಲಿ 131. ಮರುದಿನದ ಪತ್ರಿಕೆಯ ತಲೆಬರಹದಲ್ಲಿ ಯಾರ ಹೆಸರು ದೊಡ್ಡದಿದ್ದೀತು ಎಂದು ಊಹಿಸಲು ಕ್ರಿಕೆಟ್ ಗೊತ್ತಿರಬೇಕಾಗಿಲ್ಲ. ಇಬ್ಬರ ಪೂರ್ತಿ ಲೆಕ್ಕ ಸಿಗಲು ಇನ್ನೂ ಹದಿನೈದು ವರ್ಷ ಬೇಕಿತ್ತು. ಆ ರಾತ್ರಿಗೆ ಮಾತ್ರ ಅದು ಸಮಾಧಾನವಲ್ಲ.

*

ಆರ್ಯಭಟ ಉಪಗ್ರಹವನ್ನು ಪೀಣ್ಯದ ಶೆಡ್‌ಗಳಲ್ಲಿ ಕಟ್ಟಿದರು. 1975ರ ಏಪ್ರಿಲ್ 19ರಂದು ಅದು ಕಕ್ಷೆ ಸೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆ ಕೈಕೊಟ್ಟು ಅದರೊಳಗಿನ ವೈಜ್ಞಾನಿಕ ಪ್ರಯೋಗಗಳು ನಿಂತವು. ಯಾರೂ ಅದನ್ನು ಸೋಲೆನ್ನುವುದಿಲ್ಲ. ಉಪಗ್ರಹ ಕಟ್ಟುವುದನ್ನು ಕಲಿಯಲೆಂದೇ ಹೊರಟಿದ್ದರು, ಕಲಿತರು.

ಏತಕ್ಕಾಗಿ ಹೊರಟೆವು ಎಂದು ಮೊದಲೇ ಬರೆದಿಟ್ಟುಕೊಳ್ಳದವರಿಗೆ ಗೆದ್ದೆವೋ ಸೋತೆವೋ ಎಂಬುದನ್ನು ಪಕ್ಕದ ಮನೆಯವರು ಹೇಳುತ್ತಾರೆ.

*

ಆ ಆರ್ಯಭಟದ ಮುಂದಾಳು, ಉಡುಪಿ ಬಳಿಯ ಅದಮಾರಿನವರಾದ ಯು.ಆರ್. ರಾವ್, 1984ರಿಂದ 1994ರವರೆಗೆ ಇಸ್ರೊ ಅಧ್ಯಕ್ಷರು. ಅವರ ಕಾಲದಲ್ಲಿ ಎಎಸ್‌ಎಲ್‌ವಿ ರಾಕೆಟ್ 1987ರಲ್ಲಿ ಬಿತ್ತು, 1988ರಲ್ಲಿ ಮತ್ತೆ ಬಿತ್ತು, 1992ರಲ್ಲಿ ಹಾರಿತು. 1993ರ ಸೆಪ್ಟೆಂಬರ್‌ನಲ್ಲಿ ಪಿಎಸ್‌ಎಲ್‌ವಿಯ ಮೊದಲ ಹಾರಾಟವೂ ವಿಫಲ. ಅದು ಸರಿಯಾಗಿ ಹಾರಿದ್ದು 1994ರ ಅಕ್ಟೋಬರ್‌ನಲ್ಲಿ, ರಾವ್ ಹುದ್ದೆಯಿಂದ ಇಳಿದ ಕೆಲವು ತಿಂಗಳ ಮೇಲೆ. ಮುಂದೆ ಚಂದ್ರಯಾನ-1 ಮತ್ತು ಮಂಗಳಯಾನವನ್ನು ಹೊತ್ತೊಯ್ದದ್ದು ಅದೇ ಪಿಎಸ್‌ಎಲ್‌ವಿ.

ಸೋಲಿನ ಪತ್ರಿಕಾಗೋಷ್ಠಿಗೆ ಕೂತವರೇ ಗೆಲುವಿನ ದಿನ ಕುರ್ಚಿಯಲ್ಲಿರಬೇಕೆಂಬ ನಿಯಮ ಎಲ್ಲೂ ಇಲ್ಲ. ಶಾಲೆಯನ್ನು ಮೂರು ವರ್ಷ ತಿದ್ದಿ ತೀಡಿದ ಹೆಡ್‌ಮಾಸ್ಟರಿಗೆ ಮಾರ್ಚ್‌ನಲ್ಲಿ ವರ್ಗ; ಮೇ ತಿಂಗಳ ಫಲಿತಾಂಶಕ್ಕೆ ಹೊಸಬರಿಗೆ ಶಾಲು, ಹಾರ. ಹೊಸಬರು ಒಂದು ಫೋನು ಮಾಡಿ ‘ಇದು ನಿಮ್ಮದು ಸಾರ್’ ಎಂದರೆ ಅದೇ ದೊಡ್ಡದು. ಮಾಡದಿದ್ದರೆ? ಹಾರ ತಪ್ಪಿತೆಂದು ಕೆಲಸವೇ ಸುಳ್ಳಾಗುವುದಿಲ್ಲ ಎಂದು ಹೇಳುವುದು ಸುಲಭ. ಹೊಟ್ಟೆ ಉರಿಯುವುದಂತೂ ನಿಜ.

*

ಎಲ್ಲ ಸೋಲಿನಿಂದಲೂ ಪಾಠ ಕಲಿಯಬೇಕಾಗಿಲ್ಲ. ಕೆಲವು ಸೋಲುಗಳಿಂದ ಕಲಿಯಬೇಕಾದವರು ಬೇರೆ ಇರುತ್ತಾರೆ.

2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಯಿತು, 2022ರ ಏಪ್ರಿಲ್‌ನಲ್ಲಿ ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿ, ಮೈದಾನದಲ್ಲಿ ಓಡಿ, ಪಟ್ಟಿಯಲ್ಲಿ ಹೆಸರು ಬಂದವರ ಗತಿ ಏನು? ಊರಿನವರು ಬ್ಯಾನರ್ ಕಟ್ಟಿ ಸನ್ಮಾನ ಮಾಡಿದ್ದರೆ ಅದನ್ನು ಬಿಚ್ಚುವ ಕೆಲಸವೂ ಅವರದೇ. ಈ ಸೋಲಿನಲ್ಲಿ ಅವರ ಪಾಲು ಸೊನ್ನೆ. ಅಂಥವರೆದುರು ‘ಸೋಲೇ ಗೆಲುವಿನ ಸೋಪಾನ’ ಎನ್ನುವವರ ಬಾಯಿಗೆ ಸ್ವಲ್ಪ ಬಿಡುವು ಕೊಡಬೇಕು. ಕಳ್ಳತನಕ್ಕೆ ಕಳ್ಳತನವೆಂದೇ ಹೇಳಬೇಕು.

*

ಸಂದರ್ಶನದಲ್ಲಿ ‘ನಿಮ್ಮ ದೊಡ್ಡ ವೈಫಲ್ಯ ಯಾವುದು?’ ಎಂದು ಕೇಳುತ್ತಾರೆ. ಎಲ್ಲರೂ ಗೆಲುವಿನಲ್ಲಿ ಮುಗಿಯುವ ಸೋಲೊಂದನ್ನು ಇಸ್ತ್ರಿ ಮಾಡಿಟ್ಟುಕೊಂಡಿರುತ್ತಾರೆ. ನಿಜವಾದದ್ದು ಇನ್ನೂ ಮುಗಿದಿರುವುದಿಲ್ಲ, ಆದ್ದರಿಂದ ಹೇಳಲಾಗುವುದಿಲ್ಲ.

*

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಧಾರವಾಡದ ಸಪ್ತಾಪುರ, ಬೆಂಗಳೂರಿನ ವಿಜಯನಗರ. ರೀಡಿಂಗ್ ರೂಮ್, ಮೆಸ್ಸು, ಜೆರಾಕ್ಸ್ ಅಂಗಡಿ, ಹಳೇ ಪ್ರಶ್ನೆಪತ್ರಿಕೆ. ಅಲ್ಲಿ ಎಲ್ಲರೂ ಕೇಳಿಕೊಳ್ಳುವ, ಯಾರೂ ಬಾಯಿಬಿಟ್ಟು ಹೇಳದ ಪ್ರಶ್ನೆ: ಯಾವಾಗ ನಿಲ್ಲಿಸಬೇಕು? ಯುಪಿಎಸ್‌ಸಿ ಸಾಮಾನ್ಯ ವರ್ಗದವರಿಗೆ ಆರು ಅವಕಾಶ, 32 ವರ್ಷ ಎಂದು ಗೆರೆ ಎಳೆದಿಟ್ಟಿದೆ. ಕ್ರೂರ ಅನ್ನಿಸಬಹುದು, ನನಗೆ ಅದು ಒಂದು ಬಗೆಯ ದಯೆಯಾಗಿಯೂ ಕಾಣುತ್ತದೆ. ಗಾಂಧಿನಗರದಲ್ಲಿ ಸಿನಿಮಾ ಕಥೆ ಹಿಡಿದು ಅಲೆಯುವವನಿಗೆ, ಸ್ಟಾರ್ಟ್‌ಅಪ್‌ಗೆ ಹಣ ಹುಡುಕುವವನಿಗೆ ಅಂಥ ಗೆರೆ ಯಾರೂ ಎಳೆದುಕೊಡುವುದಿಲ್ಲ. ಅವರೇ ಎಳೆದುಕೊಳ್ಳಬೇಕು, ಅದೂ ಹೊರಡುವ ಮುಂಚೆ, ತಲೆ ತಣ್ಣಗಿರುವಾಗ.

*

‘ಛಲ ಬಿಡಬೇಡ’ ಎನ್ನುವವರು ಬಾಡಿಗೆ ಕಟ್ಟುವುದಿಲ್ಲ.

*

ಬಿಟ್ಟು ಹೊರಡುವುದೆಲ್ಲ ಸೋಲಲ್ಲ. ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿದ್ದ ವಿಶ್ವೇಶ್ವರಯ್ಯನವರಿಗೆ, ಸೇವಾ ಹಿರಿತನದ ಸಾಲಿನಲ್ಲಿ ಮುಂದೆ ಇದ್ದವರನ್ನು ದಾಟಿ ಮುಖ್ಯ ಎಂಜಿನಿಯರ್ ಆಗುವ ದಾರಿ ಹತ್ತಿರದಲ್ಲೆಲ್ಲೂ ಕಾಣಲಿಲ್ಲ. 1908ರಲ್ಲಿ ತಾವಾಗಿಯೇ ನಿವೃತ್ತಿ ಪಡೆದರು. ಅದೇ ವರ್ಷ ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿತು, ಅಲ್ಲಿಂದ ಕರೆ ಬಂತು. 1909ರ ಕೊನೆಗೆ ಮೈಸೂರಿನ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನ. ಅಲ್ಲೇ ಕಾದಿದ್ದರೆ ಅದನ್ನೂ ನಾವು ತಾಳ್ಮೆ ಎಂದು ಹೊಗಳುತ್ತಿದ್ದೆವೋ ಏನೋ.

ಆದರೆ ಇದನ್ನು ಓದಿ ನಾಳೆಯೇ ರಾಜೀನಾಮೆ ಬರೆಯಹೊರಟವರಿಗೆ ಒಂದು ಮಾತು: ಹೊರಡುವ ಹೊತ್ತಿಗೆ ವಿಶ್ವೇಶ್ವರಯ್ಯನವರ ಬೆನ್ನಿಗೆ ಖಡಕ್‌ವಾಸ್ಲಾದ ಸ್ವಯಂಚಾಲಿತ ಗೇಟುಗಳ ಹೆಸರಿತ್ತು. ತಲೆಯ ಮೇಲೆ ಗೃಹಸಾಲದ ಇಎಂಐ ಇರಲಿಲ್ಲ.

*

ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪಾಸಾಗಲಿಲ್ಲ. 1961ರಲ್ಲಿ ಮೈಸೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಿ.ಲಿಟ್. ಕೊಟ್ಟಿತು. ಎಸ್‌ಎಸ್‌ಎಲ್‌ಸಿಯಲ್ಲಿ ನಪಾಸಾದ ಹುಡುಗನಿಗೆ ಈ ಎರಡು ವಾಕ್ಯವನ್ನು ಒಂದರ ಪಕ್ಕ ಒಂದಿಟ್ಟು ಹೇಳುವುದು ಅರ್ಧ ಮೋಸ. ಎರಡು ವಾಕ್ಯಗಳ ನಡುವೆ ಅರ್ಧ ಶತಮಾನವಿದೆ: ಪತ್ರಿಕೆ ನಡೆಸಿ ಪಟ್ಟ ಪಾಡು, ತಾವೇ ಕೂತು ಮಾಡಿದ ಸಂಸ್ಕೃತದ ಓದು, ಇಂಗ್ಲಿಷಿನ ಓದು, 1943ರ ಕಗ್ಗ. ಆ ಐವತ್ತು ವರ್ಷವನ್ನು ನುಂಗಿಹಾಕಿ ಹೇಳುವ ಕಥೆಯಿಂದ ಹುಡುಗನಿಗೆ ಸಿಗುವುದು ಸುಳ್ಳು ಸಮಾಧಾನ. ಈಗ ಎಸ್‌ಎಸ್‌ಎಲ್‌ಸಿಗೂ ದ್ವಿತೀಯ ಪಿಯುಸಿಗೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮುಂದಿನ ಪರೀಕ್ಷೆಗೆ ಅರ್ಜಿ ತುಂಬಲು ಅವನ ಜೊತೆ ಶಾಲೆಗೆ ಹೋಗಿ ಬನ್ನಿ, ಡಿ.ವಿ.ಜಿ. ಕಥೆ ಆಮೇಲೆ ಹೇಳಿದರಾಯಿತು.

*

1993ರಲ್ಲಿ ಇನ್ಫೊಸಿಸ್ ಷೇರು 95 ರೂಪಾಯಿಗೆ ಸಾರ್ವಜನಿಕರ ಮುಂದೆ ಬಂದಾಗ ಕೊಳ್ಳುವವರು ಸಾಲಲಿಲ್ಲ. ವಿದೇಶಿ ಹೂಡಿಕೆ ಸಂಸ್ಥೆಯೊಂದು ಕೈ ಹಿಡಿಯಿತು. ಈಗ ಪ್ರತಿ ಮನೆಯಲ್ಲೂ ‘ನಾನು ಆವತ್ತೇ ತಗೋಬೇಕಿತ್ತು’ ಎನ್ನುವ ಮಾವ ಒಬ್ಬರಿದ್ದಾರೆ. ಗೆಲುವು ಬಂದ ಮೇಲೆ ಅದರ ಲಕ್ಷಣಗಳು ಎಲ್ಲರಿಗೂ ಮೊದಲೇ ಕಂಡಿದ್ದವು.

*

ಅದೇ ಕಂಪನಿಯ ಮಾತು ಬಂತು. 1981ರಲ್ಲಿ ಅದು ಶುರುವಾದದ್ದು ಸ್ಥಾಪಕರೊಬ್ಬರ ಪತ್ನಿ ಸುಧಾ ಮೂರ್ತಿಯವರು ಕೊಟ್ಟ ಹತ್ತು ಸಾವಿರ ರೂಪಾಯಿಯಿಂದ ಎಂದು ಮಕ್ಕಳಿಗೂ ಗೊತ್ತು. ಪಾಲುಪಟ್ಟಿಯಲ್ಲಿ ಹೆಂಡತಿಯ ಹೆಸರು ಹೀಗೆ ದಾಖಲಾಗುವುದು ಅಪರೂಪ. ಗಂಡನಿಗೆ ಆನ್‌ಸೈಟ್ ಸಿಕ್ಕಿತೆಂದು ತನ್ನ ಕೆಲಸಕ್ಕೆ ರಾಜೀನಾಮೆ ಕೊಟ್ಟು ಹೊರಟವಳ ಬದುಕಿನಲ್ಲಿ ಆದದ್ದು ಸೋಲೋ ಗೆಲುವೋ? ಅವಳ ರೆಸ್ಯೂಮೆಯಲ್ಲಿ ಅದು ‘ಗ್ಯಾಪ್’. ಅವನ ರೆಸ್ಯೂಮೆಯಲ್ಲಿ ‘ಅಂತರರಾಷ್ಟ್ರೀಯ ಅನುಭವ’. ಬಳೆ ಅಡವಿಟ್ಟು ಮಗನ ಕೋಚಿಂಗ್ ಫೀ ಕಟ್ಟಿದ ತಾಯಿಯ ವಿಷಯ ಇನ್ನೂ ಹಿಂದಿನ ಪುಟದ್ದು. ಅವನು ಅಧಿಕಾರಿಯಾದರೆ ವೇದಿಕೆಯ ಮೇಲೆ ಒಂದು ಸಲ ಕಣ್ಣೀರಿನ ಜೊತೆ ಬರುತ್ತದೆ, ಆಗದಿದ್ದರೆ ಬಡ್ಡಿಯ ಜೊತೆ.

*

2003ರ ಆಗಸ್ಟ್‌ನಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿತು. ವಿಮಾನವನ್ನು ಆಕಾಶದಲ್ಲಷ್ಟೇ ನೋಡಿದ್ದವರು ಅದರೊಳಗೆ ಕೂತರು. ಕೆಲವೇ ವರ್ಷಗಳಲ್ಲಿ ಅದು ಕಿಂಗ್‌ಫಿಶರ್ ಪಾಲಾಯಿತು, 2012ರಲ್ಲಿ ಕಿಂಗ್‌ಫಿಶರ್ ಕೂಡ ನಿಂತಿತು. ಏರ್ ಡೆಕ್ಕನ್ ಬಿಟ್ಟ ಮೇಲೆ ಗೋಪಿನಾಥ್ ಶುರು ಮಾಡಿದ ಸರಕು ಸಾಗಣೆ ಕಂಪನಿಯೂ ಉಳಿಯಲಿಲ್ಲ. ಗೆದ್ದರೇ, ಸೋತರೇ? ಕಂಪನಿ ಹೋಯಿತು; ಕಡಿಮೆ ದರದ ವಿಮಾನಯಾನ ಈ ದೇಶದಲ್ಲಿ ನಿಂತುಕೊಂಡಿತು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಲು ಬಾರದವರು ಜೀವನಚರಿತ್ರೆ ಬರೆಯಬಾರದು.

*

ಗೆಲುವಿನ ಮೊದಲ ನಷ್ಟ: ತಪ್ಪು ತೋರಿಸುವವರು ಕಡಿಮೆಯಾಗುತ್ತಾರೆ. ಟೀಮ್ ಲೀಡ್ ಆದ ವಾರವೇ ನಿಮ್ಮ ಜೋಕುಗಳಿಗೆ ಎಲ್ಲರೂ ನಗತೊಡಗಿದರೆ, ಜೋಕು ಸುಧಾರಿಸಿದೆ ಎಂದು ನಂಬಬೇಡಿ.

*

ಗೆದ್ದೆತ್ತಿನ ಬಾಲ ಹಿಡಿಯುವವರು ಹೆಚ್ಚಾದಷ್ಟೂ ಎತ್ತಿಗೆ ಓಡುವುದು ಕಷ್ಟ.

*

2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಡಲು ಬಂದಾಗ ದ್ರಾವಿಡ್ ಒಲ್ಲೆ ಎಂದರು. ಬೇಕಾದರೆ ಕ್ರೀಡೆಯಲ್ಲಿ ಸಂಶೋಧನೆ ಮಾಡಿಯೇ ಪಡೆಯುತ್ತೇನೆ ಎಂಬ ಅರ್ಥದ ಮಾತು ಹೇಳಿದರು. ತನ್ನ ಪಾಲಿಗಿಂತ ಹೆಚ್ಚಿಗೆ ಬಂದದ್ದನ್ನು ವಾಪಸು ಮಾಡುವುದು ಗೆದ್ದವರಿಗೆ ಸಾಧ್ಯವಿರುವ ಕೆಲವೇ ಸೊಗಸುಗಳಲ್ಲಿ ಒಂದು. ಹೆಸರಿನ ಹಿಂದೆ ‘ಡಾ.’ ಇಲ್ಲದೆ ಆಮಂತ್ರಣ ಪತ್ರಿಕೆ ಅಚ್ಚಾಗುವುದೇ ಕಷ್ಟವಾಗಿರುವ ನಮ್ಮ ಊರುಗಳಲ್ಲಿ ಇದು ಸಣ್ಣ ಮಾತಲ್ಲ.

*

2007ರಲ್ಲಿ ವೆಸ್ಟ್ ಇಂಡೀಸ್‌ನಲ್ಲಿ ನಡೆದ ವಿಶ್ವಕಪ್‌ನಲ್ಲಿ ದ್ರಾವಿಡ್ ನಾಯಕತ್ವದ ತಂಡ ಮೊದಲ ಸುತ್ತಿನಲ್ಲೇ ಹೊರಬಿತ್ತು. 2024ರ ಜೂನ್‌ನಲ್ಲಿ ಅದೇ ದ್ವೀಪಗಳ ನಡುವೆ, ಬಾರ್ಬಡೋಸ್‌ನಲ್ಲಿ, ಅವರು ಕೋಚ್ ಆಗಿದ್ದ ತಂಡ ಟಿ20 ವಿಶ್ವಕಪ್ ಎತ್ತಿತು. ಎಷ್ಟು ಚಂದಕ್ಕೆ ಕೂಡಿಬಂದ ಕಥೆ! ಚಂದವಾದ್ದರಿಂದಲೇ ಅಪಾಯಕಾರಿ. ಸೋತ ಜಾಗದಲ್ಲೇ ಗೆದ್ದು ತೋರಿಸುತ್ತೇನೆ ಎಂದು ಅದೇ ಕಚೇರಿ, ಅದೇ ಬಾಸು, ಅದೇ ಪ್ರಮೋಷನ್‌ಗೆ ಹತ್ತು ವರ್ಷ ಕಟ್ಟಿಕೊಂಡವರಿದ್ದಾರೆ. ಬೇರೆ ಜಾಗದಲ್ಲಿ ಗೆದ್ದರೂ ಸಂಬಳ ಅಷ್ಟೇ ಬರುತ್ತದೆ.

*

ಕೆಲಸ ಹೋದದ್ದನ್ನು ಮನೆಯಲ್ಲಿ ಹೇಳದೆ ಬೆಳಿಗ್ಗೆ ಲ್ಯಾಪ್‌ಟಾಪ್ ಬ್ಯಾಗು ಹಾಕಿಕೊಂಡು ಹೊರಡುವವರು ಬೆಂಗಳೂರಿನಲ್ಲಿ ಇದ್ದಾರೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಕೆಲಸ ಇದ್ದಾಗ ಅದರ ಬಗ್ಗೆ ಊದಿ ಹೇಳಿದ್ದರ ಸಾಲ ಈಗ ತೀರಿಸುತ್ತಿದ್ದಾರೆ, ಪಾಪ. ಸಂಬಳ ಹೆಚ್ಚಾದಾಗ ಬೀಗದೆ ಹೇಳಿದವನಿಗೆ ನಿಂತುಹೋದಾಗ ಹೇಳುವುದೂ ಅಷ್ಟು ಕಷ್ಟವಾಗುವುದಿಲ್ಲ. ಮೂರು ತಿಂಗಳ ಖರ್ಚು ಬ್ಯಾಂಕಿನಲ್ಲಿದ್ದರಂತೂ ಇನ್ನೂ ಸಲೀಸು. ಧೈರ್ಯದಲ್ಲಿ ದುಡ್ಡಿನ ಪಾಲು ನಾವು ಒಪ್ಪಿಕೊಳ್ಳುವುದಕ್ಕಿಂತ ದೊಡ್ಡದು.

*

ಮದುವೆಮನೆಯಲ್ಲಿ ಊಟದ ಸಾಲಿಗೆ ಕಾಯುವಾಗ ದೊಡ್ಡಪ್ಪ ಕೇಳುತ್ತಾರೆ: ‘ಈಗೇನ್ ಮಾಡ್ಕೊಂಡಿದೀಯಪ್ಪಾ?’ ಮೈಯೆಲ್ಲ ಬೆವರುತ್ತದೆ. ತಪ್ಪಿಸಿಕೊಂಡು ಓಡುವುದೇನೂ ಬೇಡ. ‘ಹೋದ ಸಲ ಆಗ್ಲಿಲ್ಲ ದೊಡ್ಡಪ್ಪ, ಇನ್ನೊಂದಕ್ಕೆ ಓದ್ತಿದೀನಿ’ ಎಂದರೆ ಸಾಕು. ಅವರಿಗೆ ನಿಮ್ಮ ಸೋಲಿನಲ್ಲಿ ಅಂಥ ಆಸಕ್ತಿಯೇನೂ ಇರುವುದಿಲ್ಲ. ಕೆನಡಾಕ್ಕೆ ಹೋಗಿರುವ ಮಗನ ವಿಷಯಕ್ಕೆ ದಾರಿ ಬೇಕಾಗಿರುತ್ತದೆ, ಅಷ್ಟೆ. ‘ಅಣ್ಣ ಹೇಗಿದಾನೆ?’ ಎಂದು ನೀವೇ ಕೇಳಿಬಿಡಿ. ಎಲೆ ಹಾಕುವ ಹೊತ್ತಿಗೆ ಅವನಿಗೂ ಅಲ್ಲಿ ಕೆಲಸ ಇನ್ನೂ ಕಾಯಂ ಆಗಿಲ್ಲ ಎಂಬುದು ಗೊತ್ತಾಗುತ್ತದೆ.