ವ್ಯಾಕರಣ ಹೇರುವ ಒತ್ತಾಯ

ಕೊರಿಯನ್ ಧಾರಾವಾಹಿ ನೋಡುವ ಕನ್ನಡಿಗರಿಗೆ ಒಂದು ಬೆರಗು ತಪ್ಪಿದ್ದಲ್ಲ. ಅಲ್ಲಿನ ಮಗು ತಂದೆಯನ್ನು ‘ಅಪ್ಪಾ’ ಎಂದೇ ಕರೆಯುತ್ತದೆ. ಊಟ ಬಡಿಸಿದ ತಾಯಿ ‘ಮೊಗೊ ಬ್ವಾ’ ಎನ್ನುತ್ತಾಳೆ. ಮೊದಲ ಪದ ‘ತಿಂದು’, ಎರಡನೆಯದು ‘ನೋಡು’. ನಮ್ಮ ಹಾಗೆ ಅವರೂ ತಿಂಡಿಯನ್ನು ತಿಂದು ನೋಡುತ್ತಾರೆ, ಕೆಲಸವನ್ನು ಮಾಡಿ ಕೊಡುತ್ತಾರೆ. ‘ನಾನು ಓದಿದ ಪುಸ್ತಕ’ ಎಂಬ ಮಾತನ್ನು ಪದಗಳ ಕ್ರಮ ಕೆಡದಂತೆ ಕೊರಿಯನ್‌ಗೆ ಇಳಿಸಬಹುದು. 1886ರಲ್ಲಿ ಶಿಕ್ಷಕನಾಗಿ ಕೊರಿಯಾಕ್ಕೆ ಹೋದ ಅಮೆರಿಕದ ಹೋಮರ್ ಹಲ್ಬರ್ಟ್‌ನನ್ನೂ ಇಂಥ ಹೋಲಿಕೆಗಳು ಹಿಡಿದು ನಿಲ್ಲಿಸಿದವು. ಕೊರಿಯನ್ ಮತ್ತು ಭಾರತದ ದ್ರಾವಿಡ ನುಡಿಗಳ ತೌಲನಿಕ ವ್ಯಾಕರಣವೊಂದನ್ನು ಆತ 1905ರಲ್ಲಿ ಸಿಯೋಲ್‌ನಲ್ಲಿ ಪ್ರಕಟಿಸಿದ. ಎರಡಕ್ಕೂ ಒಂದೇ ಮೂಲ ಎಂಬ ವಾದವನ್ನು ಇಂದಿನ ಭಾಷಾವಿಜ್ಞಾನ ಒಪ್ಪಿಲ್ಲ.

ನಂಟು ಹುಡುಕುವ ಈ ಹಂಬಲ ಜಾರ್ಜಿಯನ್ ಭಾಷೆಯನ್ನೂ ಬಿಟ್ಟಿಲ್ಲ. ಕಾಕಸಸ್ ಪರ್ವತದ ತಪ್ಪಲಿನ ಈ ನುಡಿಗೆ ಸ್ಪೇನ್–ಫ್ರಾನ್ಸ್ ಗಡಿಯ ಬಾಸ್ಕ್ ಭಾಷೆಯನ್ನು ಗಂಟುಹಾಕಲು ಹೊರಟವರು ಹಲವರು. ಸಾಬೀತಾಗಿರುವ ಸಂಬಂಧವಾದರೋ ತೀರ ಸಣ್ಣದು. ಜಾರ್ಜಿಯನ್‌ಗೆ ಇರುವ ಒಡಹುಟ್ಟುಗಳು ಮಿಂಗ್ರೇಲಿಯನ್, ಲಾಜ್ ಮತ್ತು ಸ್ವಾನ್. ಕೊರಿಯನ್‌ಗೆ ಉಳಿದಿರುವುದು ಜೇಜು ದ್ವೀಪದ ನುಡಿಯೊಂದೇ. ಎರಡೂ ಒಂಟಿ ಮನೆತನಗಳು.

‘ಅಪ್ಪಾ’ ಎಂಬ ಸಾಕ್ಷ್ಯ ಎಷ್ಟು ದುರ್ಬಲ ಎಂಬುದನ್ನು ಜಾರ್ಜಿಯನ್ ಒಂದೇ ಏಟಿಗೆ ತೋರಿಸುತ್ತದೆ. ಅಲ್ಲಿ ‘ಮಾಮಾ’ ಎಂದರೆ ತಂದೆ, ‘ದೇದಾ’ ಎಂದರೆ ತಾಯಿ. ಎಳೆಗೂಸು ಮೊದಲು ಆಡುವ ಸುಲಭದ ಸದ್ದುಗಳನ್ನು ದೊಡ್ಡವರು ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತಾರೆ. ಯಾವ ಸದ್ದು ಯಾರ ಪಾಲಿಗೆ ಎಂಬುದು ಊರೂರಿಗೆ ಬೇರೆ. ‘ತಿಂದು ನೋಡು’ ಎಂಬ ಜೋಡಣೆಯೂ ಅಷ್ಟೆ. ಕ್ರಿಯಾಪದವನ್ನು ವಾಕ್ಯದ ಕೊನೆಗಿಡುವ ಜಪಾನೀ ಭಾಷೆಯಲ್ಲಿಯೂ ಅದು ಇದೆ. ರಕ್ತಸಂಬಂಧವಿಲ್ಲದ ಭಾಷೆಗಳು ಒಂದೇ ಉಪಾಯಕ್ಕೆ ತಾವಾಗಿಯೇ ತಲುಪಬಲ್ಲವು.

ಹಾಗಾದರೆ ನಂಟಿಲ್ಲದ ಎರಡು ಭಾಷೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ ಆಗುವ ಲಾಭವೇನು? ಭಾಷಾವಿಜ್ಞಾನಿ ರೋಮನ್ ಯಾಕೋಬ್ಸನ್ 1959ರ ತನ್ನ ಲೇಖನವೊಂದರಲ್ಲಿ ಇದಕ್ಕೊಂದು ದಾರಿ ತೋರಿದ. ಯಾವ ಭಾಷೆಯಲ್ಲಿಯೂ ಏನನ್ನು ಬೇಕಾದರೂ ಹೇಳಬಹುದು. ಭಾಷೆಗಳು ಬೇರೆಯಾಗುವುದು ಅವು ಏನನ್ನು ಹೇಳಲೇಬೇಕೆಂದು ಹಟ ಹಿಡಿಯುತ್ತವೆ ಎಂಬುದರಲ್ಲಿ. ಕೊರಿಯನ್ ಮತ್ತು ಜಾರ್ಜಿಯನ್ ಈ ವಿಷಯದಲ್ಲಿ ಹೆಚ್ಚುಕಡಿಮೆ ಎದುರುಬದುರು ನಿಲ್ಲುತ್ತವೆ.

ಕೊರಿಯನ್ನರೂ ‘ಮಳೆ ಬರುತ್ತದೆ’ ಎಂದೇ ಹೇಳುತ್ತಾರೆ, ‘ಬರು’ ಕ್ರಿಯಾಪದವನ್ನೇ ಬಳಸಿ. ಗೆಳೆಯನಿಗಾದರೆ ‘ಬಿಗಾ ವಾ’, ಪರಿಚಯ ಅಷ್ಟಕ್ಕಷ್ಟೇ ಇದ್ದವರಿಗೆ ‘ಬಿಗಾ ವಾಯೊ’, ಸುದ್ದಿವಾಚಕರ ಬಾಯಲ್ಲಿ ‘ಬಿಗಾ ಓಮ್ನಿದಾ’. ಸುರಿಯುತ್ತಿರುವ ಮಳೆ ಒಂದೇ. ಬದಲಾದದ್ದು ಕೇಳುವವರ ಸ್ಥಾನ. ಸಾಂಪ್ರದಾಯಿಕ ವ್ಯಾಕರಣ ಇಂಥ ಆರು ಹಂತಗಳನ್ನು ಎಣಿಸುತ್ತದೆ; ಇವತ್ತಿನ ಬಳಕೆಯಲ್ಲಿ ಕೆಲವು ಸವೆದುಹೋಗಿವೆ. ಆದರೆ ಯಾವುದೋ ಒಂದನ್ನು ಆರಿಸಿಕೊಳ್ಳದೆ ವಾಕ್ಯ ಮುಗಿಯುವುದಿಲ್ಲ. ಅದೇ ಭಾಷೆ ಕರ್ತೃವಿನ ವಿಷಯದಲ್ಲಿ ಮಾತ್ರ ಮಹಾ ಉದಾರಿ. ‘ಸರಾಂಗ್‌ಹೇ’ ಎಂಬ ಪ್ರೇಮನಿವೇದನೆಯಲ್ಲಿ ನಾನೂ ಇಲ್ಲ, ನೀನೂ ಇಲ್ಲ. ಪ್ರೀತಿ ಮತ್ತು ಸಲಿಗೆ, ಎರಡೇ.

ಜಾರ್ಜಿಯನ್ನರು ಅದೇ ಮಾತನ್ನು ‘ಮಿಕ್ವರ್‌ಖರ್’ ಎನ್ನುತ್ತಾರೆ. ಮೊದಲ ‘ಮ’ಕಾರದಲ್ಲಿ ‘ನನಗೆ’ ಇದೆ, ಕೊನೆಯ ‘ಖರ್’ನಲ್ಲಿ ‘ನೀನು’ ಇದ್ದೀ. ಕನ್ನಡದ ‘ನನಗೆ ನೀನು ಇಷ್ಟ’ ಎಂಬ ಚತುರ್ಥಿ ವಿಭಕ್ತಿಯ ಕಟ್ಟಡ ಅಲ್ಲಿ ಒಂದೇ ಪದಕ್ಕೆ ಅಡಕವಾಗಿದೆ. ಯಾರು ಯಾರಿಗೆ ಏನು ಮಾಡಿದರು ಎಂಬ ಲೆಕ್ಕವನ್ನು ಜಾರ್ಜಿಯನ್ ಕ್ರಿಯಾಪದ ತನ್ನೊಳಗೇ ಒಪ್ಪಿಸಬೇಕು. ‘ನೀನು ನಮ್ಮ ಸಿಪ್ಪೆ ಸುಲಿಯುತ್ತೀ’ ಎನ್ನಲು ‘ಗ್ವ್‌ಪ್ರ್‌ತ್ಸ್‌ಕ್ವ್‌ನಿ’ ಎಂಬ ಒಂದೇ ಪದ ಸಾಕು. ಎಂಟು ವ್ಯಂಜನಗಳ ಸಾಲು ದಾಟಿದ ಮೇಲೆ ಒಂದು ಸ್ವರ. ಗೌರವಕ್ಕೆ ಅಲ್ಲಿ ನೀನು–ನೀವು ಎಂಬಷ್ಟೇ ಭೇದ ಸಾಕಾಗುತ್ತದೆ. ಮಳೆಯ ಸುದ್ದಿ ಹೇಳುವಾಗ ಎದುರಿಗಿರುವವರ ವಯಸ್ಸು, ಹುದ್ದೆ ನೋಡಬೇಕಿಲ್ಲ.

ಕನ್ನಡದ ಹಟವೇ ಬೇರೆ. ‘ಬಂದ’ ಎನ್ನಬೇಕೋ ‘ಬಂದಳು’ ಎನ್ನಬೇಕೋ ‘ಬಂದರು’ ಎನ್ನಬೇಕೋ ತೀರ್ಮಾನವಾಗದೆ ನಮಗೆ ಬಾಯಿ ತೆರೆಯಲಾಗದು. ಜಾರ್ಜಿಯನ್ನರ ‘ಮೋವಿದಾ’, ಕೊರಿಯನ್ನರ ‘ವಾಸ್ಸೊ’ ಎರಡಕ್ಕೂ ಬಂದವರು ಗಂಡೋ ಹೆಣ್ಣೋ ಎಂಬ ಗೊಡವೆಯಿಲ್ಲ. ಇನ್ನು ಕೇಳುವವರ ಸ್ಥಾನ ಸೂಚಿಸಲು ಕನ್ನಡದಲ್ಲಿ ಸೌಲಭ್ಯ ಇಲ್ಲದಿಲ್ಲ: ‘ಮಳೆ ಬರ್ತಿದೆ ಕಣೋ’, ‘ಮಳೆ ಬರ್ತಿದೆ ಕಣ್ರೀ’. ಆದರೆ ಇಲ್ಲಿ ಅದು ಇಷ್ಟಕ್ಕೆ ಬಿಟ್ಟದ್ದು, ಕೊರಿಯನ್‌ನಲ್ಲಿ ಕಡ್ಡಾಯ. ಯಾಕೋಬ್ಸನ್ ಹೇಳಿದ ವ್ಯತ್ಯಾಸ ಇದೇ.

ಅಪಾಯ ಶುರುವಾಗುವುದು ಇದರ ಮುಂದಿನ ಹೆಜ್ಜೆಯಲ್ಲಿ. ವ್ಯಾಕರಣ ಹೀಗೆ ಒತ್ತಾಯಿಸುವುದಾದರೆ ಅದನ್ನಾಡುವ ಜನರ ಬುದ್ಧಿಯೂ ಹಾಗೆಯೇ ಬಾಗಿರಬೇಕಲ್ಲವೇ? 1997ರ ಆಗಸ್ಟ್ 6ರಂದು ಕೊರಿಯನ್ ಏರ್‌ನ 801ನೇ ವಿಮಾನ ಗುವಾಮ್ ದ್ವೀಪದಲ್ಲಿ ಗುಡ್ಡಕ್ಕೆ ಅಪ್ಪಳಿಸಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮಾಲ್ಕಮ್ ಗ್ಲ್ಯಾಡ್‌ವೆಲ್ 2008ರ ‘ಔಟ್‌ಲೈಯರ್ಸ್’ ಪುಸ್ತಕದಲ್ಲಿ ಕೊರಿಯನ್ ಸಮಾಜದ ಮೇಲು–ಕೀಳಿನ ಶಿಷ್ಟಾಚಾರ ಮತ್ತು ಭಾಷೆಯ ಗೌರವದ ಹಂತಗಳತ್ತ ಬೆರಳು ತೋರಿಸಿದ: ಕಿರಿಯ ಪೈಲಟ್ ಹಿರಿಯನಿಗೆ ನೇರವಾಗಿ ಎಚ್ಚರಿಕೆ ಕೊಡಲಾರದೆ ಹೋದ ಎಂಬಂತೆ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ಕಂಡದ್ದು ಹೆಚ್ಚು ನೀರಸವಾದ ಕಾರಣಗಳನ್ನು. ಕ್ಯಾಪ್ಟನ್ ಇಳಿಯುವ ವಿಧಾನವನ್ನು ಸರಿಯಾಗಿ ವಿವರಿಸಲಿಲ್ಲ, ಪಾಲಿಸಲಿಲ್ಲ; ಸಹೋದ್ಯೋಗಿಗಳು ಅವನ ಕೆಲಸದ ಮೇಲೆ ಸಾಕಷ್ಟು ನಿಗಾ ಇಡಲಿಲ್ಲ; ಕ್ಯಾಪ್ಟನ್ ದಣಿದಿದ್ದ, ತರಬೇತಿ ಸಾಲದಾಗಿತ್ತು, ನೆಲದ ಮೇಲಿನ ಎಚ್ಚರಿಕೆಯ ವ್ಯವಸ್ಥೆಯನ್ನು ಬೇಕೆಂದೇ ನಿರ್ಬಂಧಿಸಲಾಗಿತ್ತು. ನಿಗಾ ಇಡದಿದ್ದುದರಲ್ಲಿ ಹಿರಿಯರೆಂಬ ಸಂಕೋಚಕ್ಕೂ ಪಾಲು ಇದ್ದಿರಬಹುದು. ಆದರೆ ಹಿರಿಯರೆದುರು ನಾಲಿಗೆ ಕಟ್ಟಿಹೋಗುವುದಕ್ಕೆ ಕೊರಿಯನ್ ಪ್ರತ್ಯಯಗಳೇ ಬೇಕಿಲ್ಲ. ಅಂಥ ಪ್ರತ್ಯಯಗಳಿಲ್ಲದ ಭಾಷೆಗಳ ಕಚೇರಿಗಳಲ್ಲಿಯೂ ಅದು ದಿನನಿತ್ಯದ ಸಂಗತಿ.

ಜಾರ್ಜಿಯಾದ ಕಡೆಯ ಪಾಠ ಇನ್ನೂ ಕಹಿ. ಕುತೈಸಿಯಲ್ಲಿ ಹುಟ್ಟಿದ ನಿಕೊಲಾಯ್ ಮಾರ್ ಬಲು ದೊಡ್ಡ ವಿದ್ವಾಂಸ. ಭಾಷೆಯೆಂಬುದು ವರ್ಗದ ಕೂಸು, ಒಂದು ದೇಶದ ಬೇರೆ ಬೇರೆ ವರ್ಗಗಳ ನುಡಿಗಳಿಗಿಂತ ಬೇರೆ ದೇಶಗಳ ಒಂದೇ ವರ್ಗದ ನುಡಿಗಳು ಪರಸ್ಪರ ಹತ್ತಿರ ಎಂದು ಆತ ಸಾಧಿಸಲು ಹೊರಟ. ಜಗತ್ತಿನ ಭಾಷೆಗಳೆಲ್ಲ ‘ಸಲ್, ಬೆರ್, ಯೋನ್, ರೋಶ್’ ಎಂಬ ನಾಲ್ಕು ಧಾತುಗಳಿಂದ ಹುಟ್ಟಿದವು ಎಂದೂ ಹೇಳಿದ. ಸೋವಿಯತ್ ಒಕ್ಕೂಟದಲ್ಲಿ ಇದು ಅಧಿಕೃತ ಸಿದ್ಧಾಂತವಾಯಿತು, ಒಪ್ಪದವರು ಪಾಡು ಪಟ್ಟರು. ಕೊನೆಗೆ 1950ರ ಮೇ ತಿಂಗಳಲ್ಲಿ ಭಾಷಾವಿಜ್ಞಾನಿ ಆರ್ನಾಲ್ಡ್ ಚಿಕೊಬಾವಾ ‘ಪ್ರಾವ್ದಾ’ ಪತ್ರಿಕೆಯಲ್ಲಿ ಅದನ್ನು ಖಂಡಿಸಿದ, ಜೂನ್ 20ರಂದು ಸ್ಟಾಲಿನ್ನನೇ ಲೇಖನ ಬರೆದು ಮಾರ್‌ವಾದವನ್ನು ಮುಗಿಸಿದ. ಸಿದ್ಧಾಂತ ಕಟ್ಟಿದವನು, ಕೆಡವಲು ಮುಂದಾದವನು, ತೀರ್ಪು ಕೊಟ್ಟವನು ಮೂವರೂ ಜಾರ್ಜಿಯಾದವರೇ. ಭಾಷೆಯ ಸ್ವರೂಪವನ್ನು ಸರ್ವಾಧಿಕಾರಿಯೊಬ್ಬ ನಿರ್ಣಯಿಸಿದ್ದು ಹಾಸ್ಯಾಸ್ಪದ. ಆದರೆ ವ್ಯಾಕರಣದಿಂದ ನೇರವಾಗಿ ಜನರ ಸ್ವಭಾವಕ್ಕೋ ವರ್ಗಕ್ಕೋ ಜಿಗಿಯುವವರು ಎಲ್ಲಿಗೆ ಬಂದು ಮುಟ್ಟುತ್ತಾರೆ ಎಂಬುದಕ್ಕೆ ಮಾರ್‌ಗಿಂತ ದೊಡ್ಡ ನಿದರ್ಶನ ಸಿಗದು.

ವ್ಯಾಕರಣದ ಒತ್ತಾಯಕ್ಕೆ ಪರಿಣಾಮವೇ ಇಲ್ಲ ಎನ್ನುವುದೂ ಹುಸಿ. ಕೊರಿಯನ್ನರು ಹೊಸಬರ ವಯಸ್ಸನ್ನು ಬೇಗನೆ ವಿಚಾರಿಸಿಕೊಳ್ಳುವುದಕ್ಕೆ ವಾಕ್ಯ ಮುಗಿಸುವ ತೊಡಕೂ ಒಂದು ಕಾರಣ. ಭಾಷೆ ಗಮನವನ್ನು ಒಂದು ಕಡೆಗೆ ತಿರುಗಿಸಬಲ್ಲದು. ಆದರೆ ಆಡುವವರಿಗೆ ಅದನ್ನು ಮರಳಿ ತಿರುಗಿಸಲು ಬರುತ್ತದೆ. ಕೊರಿಯಾದ ಸಿಜೆ ಸಮೂಹ 2000ದಲ್ಲಿ ಹುದ್ದೆಯ ಹೆಸರುಗಳನ್ನು ಕೈಬಿಟ್ಟು ಎಲ್ಲರ ಹೆಸರಿಗೂ ‘ನಿಮ್’ ಎಂಬ ಒಂದೇ ಗೌರವಸೂಚಕ ಸೇರಿಸಿ ಕರೆಯುವ ಪದ್ಧತಿ ತಂದಿತು. ಕಾಕಾವೋ ಸಂಸ್ಥೆಯವರು ಕಚೇರಿಯಲ್ಲಿ ಒಬ್ಬರನ್ನೊಬ್ಬರು ಇಂಗ್ಲಿಷ್ ಹೆಸರುಗಳಿಂದ ಕರೆದುಕೊಳ್ಳುವ ರೂಢಿ ಬೆಳೆಸಿದರು. ಭಾಷೆ ಹಾಕಿದ ಕಟ್ಟನ್ನು ಜನ ಕಂಡಿದ್ದಾರೆ, ಅದರೊಡನೆ ಚೌಕಾಶಿಗೆ ಇಳಿದಿದ್ದಾರೆ.

ನಮ್ಮ ಶಾಲೆ–ಕಾಲೇಜುಗಳಲ್ಲಿ ಕನ್ನಡ ವ್ಯಾಕರಣವನ್ನು ಒಂದೋ ಸಂಸ್ಕೃತದ ಅಚ್ಚಿನಲ್ಲಿ ಎರಕ ಹೊಯ್ದು ಕಲಿಸುತ್ತಾರೆ, ಇಲ್ಲವೇ ಇಂಗ್ಲಿಷಿನ ಕಾಲ–ವಚನಗಳಿಗೆ ಹೊಂದಿಸುತ್ತಾರೆ. ತಮಿಳು, ತೆಲುಗಿನ ಜೊತೆಗಿನ ಹೋಲಿಕೆ ಸ್ನಾತಕೋತ್ತರ ತರಗತಿಯವರೆಗೆ ಕಾಯಬೇಕು. ಕನ್ನಡ ನಮ್ಮಿಂದ ಏನನ್ನು ಕಡ್ಡಾಯವಾಗಿ ಹೇಳಿಸುತ್ತದೆ, ಏನನ್ನು ನಮ್ಮ ಇಷ್ಟಕ್ಕೆ ಬಿಡುತ್ತದೆ ಎಂಬುದು ಕಾಣಬೇಕಾದರೆ ನಂಟೇ ಇಲ್ಲದ ಭಾಷೆಗಳನ್ನು ಪಕ್ಕಕ್ಕಿಡಬೇಕು. ವ್ಯಾಕರಣದ ಪಾಠದಲ್ಲಿ ಒಂದು ಅವಧಿಯನ್ನು ಕೊರಿಯನ್, ಜಾರ್ಜಿಯನ್‌ನಂಥ ನುಡಿಗಳಿಗೆ ಮೀಸಲಿಡಲಿ. ಅದಕ್ಕಾಗಿ ಮೇಷ್ಟರು ಆ ಭಾಷೆಗಳನ್ನು ಪೂರ್ತಿ ಕಲಿಯಬೇಕಿಲ್ಲ. ಒಂದೊಂದರಿಂದ ಹತ್ತು ವಾಕ್ಯಗಳಿದ್ದರೆ ಸಾಕು.