ಕರಿಜಾಲಿಗೂ ಜಾಗ ಕೊಡಿ

ಮಿರಗದ ಮಳೆ ಬಿದ್ದರೆ ಸಾಕು, ನಿಪ್ಪಾಣಿಯಿಂದ ಅಥಣಿವರೆಗೆ ಸಸಿ ನೆಡುವ ಸಡಗರ. ನೆಲವೂ ಮಳೆಯೂ ಮಾತ್ರ ಎಲ್ಲ ಕಡೆ ಒಂದೇ ಅಲ್ಲ. ಸಹ್ಯಾದ್ರಿಗೆ ಹತ್ತಿರದ ನಿಪ್ಪಾಣಿಗೆ ಮುಂಗಾರು ಕೈಕೊಡುವುದು ಕಡಿಮೆ. ಮಳೆನೆರಳಿನ ಅಥಣಿಯಲ್ಲಿ ನೆಲ ತಣಿಯುವುದು ಸೆಪ್ಟೆಂಬರಿಗೆ, ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ. ಅಲ್ಲಿ ಜೂನ್‌ನಲ್ಲಿ ನೆಟ್ಟ ಸಸಿ ಆಗಸ್ಟಿಗೆ ಒಣಗಿದರೆ ತಪ್ಪು ಸಸಿಯದಲ್ಲ.

ಮಡ್ಡಿಗೆ ಬನ್ನಿ, ಬೋರೆ, ಬೇವು. ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಗೆ ಹೊಳೆಮತ್ತಿ, ಹೊಂಗೆ, ನೇರಳೆ. 2019ರಂಥ ಮಹಾಪೂರ ಕಂಡ ಊರುಗಳಲ್ಲಿ ದಂಡೆಯ ಮಣ್ಣು ಹಿಡಿದಿಡುವ ಬೇರುಗಳ ಬೆಲೆ ಯಾರಿಗೂ ಹೇಳಿಕೊಡಬೇಕಿಲ್ಲ.

ಎರೆಹೊಲದ ಬದುವಿಗೆ ಕರಿಜಾಲಿ. ಮುಳ್ಳಿನ ಗಿಡವೆಂದು ನಾವು ಕಡಿದು ಒಲೆಗೆ ಹಾಕಿದ್ದು ಇದನ್ನೇ. ಅಥಣಿ, ನಿಪ್ಪಾಣಿ ಸೀಮೆಯ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಬಂದಾಗ ಹೆಮ್ಮೆಪಟ್ಟೆವು, ಕೊಲ್ಹಾಪುರಿ ಹೆಸರಿನಲ್ಲಾದರೂ. ಆ ತೊಗಲನ್ನು ಹದಗೊಳಿಸುವ ಹಳೆಯ ಪದ್ಧತಿ ನೋಡಿ: ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದ ಚರ್ಮವನ್ನು ಚೀಲದಂತೆ ಹೊಲಿದು, ಒಳಗೆ ಜಾಲಿ ತೊಗಟೆ, ಅಳಲೆಕಾಯಿ ಮತ್ತು ನೀರು ತುಂಬಿ ತೂಗುಹಾಕುತ್ತಾರೆ. ತೊಗಟೆಯ ಒಗರು ರಸ ಚರ್ಮದೊಳಗೆ ಇಳಿದು ತೊಟ್ಟಿಕ್ಕುತ್ತದೆ. ಬದುವಿನ ಜಾಲಿ ಹೋದರೆ ಈ ಕಸುಬಿನ ಬುಡವೇ ಅಲ್ಲಾಡುತ್ತದೆ.

ಕಬ್ಬಿಗೆ ಅತಿಯಾಗಿ ನೀರುಣಿಸಿ ಸವಳು-ಜವಳಾದ ಹೊಲಗಳು ರಾಯಬಾಗ, ಕಾಗವಾಡ, ಚಿಕ್ಕೋಡಿ ಕಡೆ ಇವೆ. ಬೇಸಿಗೆಯಲ್ಲಿ ಮಣ್ಣಿನ ಮೇಲೆ ಬಿಳಿ ಉಪ್ಪು ಏಳುತ್ತದೆ. ಅಂಥ ನೆಲದಲ್ಲೂ ಕರಿಜಾಲಿ, ಹೊಂಗೆ ತಾಳಿಕೊಳ್ಳುತ್ತವೆ. ಎರಡೂ ದ್ವಿದಳ ಜಾತಿಯವು, ಬೇರಿನ ಗಂಟುಗಳಲ್ಲಿ ಸಾರಜನಕ ಕೂಡಿಡುತ್ತವೆ.

ಅಮೆರಿಕ ಖಂಡದಿಂದ ಬಂದು ಹಳ್ಳ, ಗೋಮಾಳ ನುಂಗಿದ ಬಳ್ಳಾರಿ ಜಾಲಿಯೇ ಇದೆಂದು ದಯವಿಟ್ಟು ತಿಳಿಯಬೇಡಿ. ಅದರ ಹೂ ಉದ್ದನೆಯ ತೆನೆ. ಕರಿಜಾಲಿಯದು ಹಳದಿ ಉಂಡೆ, ಕಾಯಿ ಮಣಿಸರದಂತೆ ಬೀಜಬೀಜಕ್ಕೂ ಸೊಂಟ ಕಟ್ಟಿಕೊಂಡಿರುತ್ತದೆ.

ಬೀಜದ ಸಿಪ್ಪೆ ಗಟ್ಟಿ, ಹಾಗೇ ಬಿತ್ತಿದರೆ ಬೇಗ ಮೊಳೆಯದು. ಕಾಯಿ ತಿಂದ ಮೇಕೆಗಳು ರಾತ್ರಿ ಮೆಲುಕು ಹಾಕುವಾಗ ಉಗುಳುವ, ಹಿಕ್ಕೆಯಲ್ಲಿ ಬರುವ ಬೀಜ ಸಲೀಸಾಗಿ ಮೊಳೆಯುತ್ತದೆ. ಕುರುಬರ ದೊಡ್ಡಿ ಕಸದಲ್ಲಿ ಅದನ್ನು ಆರಿಸಬಹುದು. ಇಲ್ಲವೇ ಕುದಿಸಿ ಇಳಿಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿ ಬದುವಿಗೇ ಊರಿ. ಮೊದಲ ಎರಡು ವರ್ಷ ಮೇಕೆ ಬಾಯಿಗೆ ಸಿಗದಂತೆ ಬೇಲಿ ಬೇಕು.