ಸಂಶಯದ ಲಾಭ ಯಾರಿಗೆ?

ನನ್ನ ತಂಗಿಯ ಮಗಳು ಸಾರ್ವಜನಿಕ ನೀತಿಯಲ್ಲಿ ಎಂ.ಎ. ಮಾಡುತ್ತಿದ್ದಾಳೆ. 'ಅದನ್ನು ಓದಿ ಏನಾಗುತ್ತಾಳೆ? ರಾಜಕಾರಣಿಯೇ?' ಎಂದು ಕೇಳುವ ನೆಂಟರಿಗೆ ಉತ್ತರಿಸಿ ಅವಳ ತಾಯಿಗೆ ಸಾಕಾಗಿದೆ. ಕೇಳುವವರದ್ದೂ ತಪ್ಪಲ್ಲ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಇಂತಹ ಸ್ನಾತಕೋತ್ತರ ಪದವಿ ಆರಂಭವಾದದ್ದೇ 2014ರಲ್ಲಿ. ಒಂದಿಷ್ಟು ಅರ್ಥಶಾಸ್ತ್ರ, ಒಂದಿಷ್ಟು ಕಾನೂನು, ಸಂಖ್ಯಾಶಾಸ್ತ್ರ ಎಲ್ಲವನ್ನೂ ಸೇರಿಸಿ, ಸರಕಾರದ ಯೋಜನೆಯೊಂದು ಹೇಗೆ ಹುಟ್ಟುತ್ತದೆ, ಯಾರನ್ನು ತಲುಪುತ್ತದೆ, ಎಲ್ಲಿ ಸೋರುತ್ತದೆ ಎಂದು ಕಲಿಸುವ ಓದು ಅದು.

ಕಳೆದ ರಜೆಯಲ್ಲಿ ಬಂದವಳು ಒಂದು ಚೌಕ ಬರೆದು ಅದರಲ್ಲಿ ನಾಲ್ಕು ಮನೆ ಮಾಡಿ ತೋರಿಸಿದಳು. ಬಡವನಿಗೆ ಅಕ್ಕಿ ಸಿಕ್ಕಿತು, ಉಳ್ಳವನಿಗೆ ಸಿಗಲಿಲ್ಲ, ಇವೆರಡೂ ಸರಿ. ಉಳ್ಳವನಿಗೆ ಸಿಕ್ಕಿದರೆ ಅದು ಸೇರ್ಪಡೆಯ ತಪ್ಪು, ಬಡವನಿಗೆ ಸಿಗದಿದ್ದರೆ ಹೊರಗುಳಿಕೆಯ ತಪ್ಪು. ಒಂದನ್ನು ತಗ್ಗಿಸಲು ಜರಡಿಯ ಕಣ್ಣು ಸಣ್ಣದು ಮಾಡಿದರೆ ಇನ್ನೊಂದು ಹೆಚ್ಚುತ್ತದೆ. 1997ರಲ್ಲಿ ಪಡಿತರವನ್ನು ಬಡತನ ರೇಖೆಯ ಕೆಳಗಿನವರು, ಮೇಲಿನವರು ಎಂದು ವಿಂಗಡಿಸಿದಂದಿನಿಂದ ನಮ್ಮ ದೇಶ ಈ ಎರಡು ತಪ್ಪುಗಳ ನಡುವೆ ಜೋಲಿ ಹೊಡೆಯುತ್ತಲೇ ಇದೆ.

ಚೌಕದಲ್ಲಿ ಎರಡೂ ತಪ್ಪುಗಳ ಮನೆ ಒಂದೇ ಅಳತೆಯದ್ದು. ನನಗೆ ಚುಚ್ಚಿದ್ದು ಅದೇ.

ನಮ್ಮ ನೆರೆಮನೆಯ ಅಜ್ಜಿ ನಲುವತ್ತು ವರ್ಷ ಬೀಡಿ ಸುತ್ತಿದವರು. ಎಲೆ ಉಜ್ಜಿ ಉಜ್ಜಿ ಬೆರಳ ತುದಿ ನುಣುಪಾಗಿದೆ. ಪಡಿತರ ಅಂಗಡಿಯ ಯಂತ್ರ ಒಂದು ಸಲ ಅವರನ್ನು ಗುರುತಿಸುತ್ತದೆ, ಮತ್ತೊಂದು ಸಲ ಇಲ್ಲ. ನ್ಯಾಯಾಲಯದಲ್ಲಿ ಕೊಲೆ ಆರೋಪಿಗೂ ಸಂಶಯದ ಲಾಭ ಸಿಗುತ್ತದೆ. ತಪ್ಪು ಮಾಡಿದ್ದಾನೆಂದು ಸಾಬೀತುಪಡಿಸಬೇಕಾದದ್ದು ಸರಕಾರ. ಇಲ್ಲಿ ಮಾತ್ರ ತಾನು ತಾನೇ ಎಂದು ಅಜ್ಜಿ ಸಾಬೀತುಪಡಿಸಬೇಕು. ಇದೆಂಥ ನ್ಯಾಯ ಎಂದು ಹುಡುಗಿಯನ್ನು ಕೇಳಿದೆ.

"ಮಾಮ, ಕೋರ್ಟಿನಲ್ಲಿ ಒಬ್ಬ ಬಿಡುಗಡೆಯಾದರೆ ಇನ್ನೊಬ್ಬನ ಪಾಲಿನ ಬಿಡುಗಡೆ ಕಡಿಮೆಯಾಗುವುದಿಲ್ಲ. ಅಕ್ಕಿ ಹಾಗಲ್ಲ, ಮುಗಿಯುತ್ತದೆ. ಸುಳ್ಳು ಕಾರ್ಡಿನವನು ಒಯ್ಯುವುದು ಇಂಥ ಇನ್ನೊಬ್ಬ ಅಜ್ಜಿಯ ಪಾಲನ್ನೇ" ಎಂದಳು.

ಓದಿಸಿದ್ದು ದಂಡವಾಗಿಲ್ಲ ಅನ್ನಿಸಿತು. ಆ ಮಾತಿಗೆ ತಕ್ಷಣ ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ಎರಡು ತಪ್ಪುಗಳ ತೂಕ ಒಂದೇ ಎಂದು ಇಂದಿಗೂ ನಾನು ಒಪ್ಪಲಾರೆ. ಅನರ್ಹನಿಗೆ ಹೋದ ಅಕ್ಕಿಯ ನಷ್ಟ ಕೋಟ್ಯಂತರ ಜನರ ಮೇಲೆ ಹಂಚಿಹೋಗುತ್ತದೆ. ಅರ್ಹನಿಗೆ ಸಿಗದ ಅಕ್ಕಿಯ ನಷ್ಟವೆಲ್ಲ ಒಂದೇ ಹೊಟ್ಟೆಯ ಮೇಲೆ ಬೀಳುತ್ತದೆ. ಅಲ್ಲದೆ, ಸೇರಬಾರದವನ ಹೆಸರು ಪಟ್ಟಿಯಲ್ಲಿರುತ್ತದೆ. ಅಧಿಕಾರಿ ಮನಸ್ಸು ಮಾಡಿದರೆ ಹಿಡಿಯಬಹುದು. ಹೊರಗುಳಿದವನು ಯಾವ ಪಟ್ಟಿಯಲ್ಲೂ ಇಲ್ಲ. 2024ರ ನವೆಂಬರ್‌ನಲ್ಲಿ ನಮ್ಮ ರಾಜ್ಯದಲ್ಲಿ ಅನರ್ಹರದ್ದೆಂದು ಬಿಪಿಎಲ್ ಕಾರ್ಡುಗಳನ್ನು ರದ್ದುಪಡಿಸಿದಾಗ ಅರ್ಹರದ್ದೂ ಹೋಯಿತೆಂದು ಕೂಗೆದ್ದಿತು, ಸರಕಾರ ಹಿಂದೆ ಸರಿಯಿತು. ಅವರ ಕೈಯಲ್ಲಿ ಕಾರ್ಡಿತ್ತು, ಆದ್ದರಿಂದ ಕೂಗಿದರು. ಕಾರ್ಡೇ ಆಗದವರು ಏನನ್ನು ತೋರಿಸಿ ಕೂಗಬೇಕು?

ಹಾಗೆಂದು ಲೆಕ್ಕವನ್ನೇ ಜರೆಯುವ ಜಾಯಮಾನ ನನ್ನದಲ್ಲ. ಮುಸ್ಲಿಮರನ್ನು ಓಲೈಸಲಾಗುತ್ತಿದೆ ಎಂಬ ಮಾತನ್ನು ವರ್ಷಗಟ್ಟಲೆ ಕೇಳಿದ ನಮಗೆ, 2006ರ ಸಾಚಾರ್ ಸಮಿತಿಯ ವರದಿ ಕೊಟ್ಟದ್ದು ಅಂಕಿಗಳನ್ನೇ. ದೇಶದ ಸಾಕ್ಷರತೆ ಶೇ. 65ರ ಆಸುಪಾಸಿನಲ್ಲಿದ್ದಾಗ ಮುಸ್ಲಿಮರದ್ದು ಶೇ. 59.1 ಎಂಬ ಒಂದು ಸಾಲು, ನೂರು ಭಾಷಣಗಳು ಮಾಡದ ಕೆಲಸ ಮಾಡಿತು. ಎಣಿಸುವವರು ಬೇಕು, ನಮ್ಮ ಮನೆಗಳಿಂದಲೂ ಬೇಕು. ಪ್ರಶ್ನೆಯಿರುವುದು, ಅವರು ಯಾವ ಮನೆಯಿಂದ ಎಣಿಸಲು ಶುರು ಮಾಡುತ್ತಾರೆ ಎಂಬುದು.

ರಜೆ ಮುಗಿಯುವ ಮೊದಲು ಅವಳು ಪಡಿತರ ಅಂಗಡಿಗೆ ಹೋಗಿ, ಈ ತಿಂಗಳು ಎಷ್ಟು ಜನ ಬೆರಳು ಹೊಂದದೆ ಬರಿಗೈಯಲ್ಲಿ ಮರಳಿದರು ಎಂದು ವಿಚಾರಿಸಿದಳಂತೆ. ಅಕ್ಕಿ ಒಯ್ದವರ ಲೆಕ್ಕವನ್ನು ಅಂಗಡಿಯವರು ಕೂಡಲೇ ತೆಗೆದು ತೋರಿಸಿದರು. ಮರಳಿದವರ ಬಗ್ಗೆ, "ಅದಕ್ಕೆ ಪುಸ್ತಕ ಇಲ್ಲ ಮಗಳೇ" ಎಂದರಂತೆ.

ಮರುದಿನ ಅವಳು ನೂರು ಪುಟದ ಒಂದು ನೋಟು ಪುಸ್ತಕ ಕೊಂಡು ತಂದಳು. ಪ್ರಬಂಧಕ್ಕೆ ಇದು ಸಾಕಾಗುತ್ತದೆಯೇ ಎಂದು ಕೇಳಿದೆ. "ಗೊತ್ತಿಲ್ಲ ಮಾಮ" ಎಂದು ಅಜ್ಜಿಯ ಮನೆಯ ಕಡೆ ನಡೆದಳು.